ಸುದ್ದಿಯ ಕೊನೆಯ ಸಾಲಿನ ‘ಮತ್ತಿತರರು’

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಬೆಳಿಗ್ಗೆ ಪತ್ರಿಕೆಯ ಜಿಲ್ಲಾ ಪುಟ ಬಿಡಿಸಿದವರಿಗೆ ಒಂದು ಚಿತ್ರ ತಪ್ಪದೆ ಕಣ್ಣಿಗೆ ಬೀಳುತ್ತದೆ. ಎಂಟು ಹತ್ತು ಮಂದಿ ಅಧಿಕಾರಿಯೊಬ್ಬರ ಮೇಜಿನ ಸುತ್ತ ನಿಂತಿರುತ್ತಾರೆ. ಮುಂದಿದ್ದವರು ಒಂದು ಹಾಳೆಯ ಈ ತುದಿಯನ್ನೂ ಅಧಿಕಾರಿ ಆ ತುದಿಯನ್ನೂ ಹಿಡಿದಿರುತ್ತಾರೆ. ಹಾಳೆಯನ್ನು ಯಾರೂ ನೋಡುತ್ತಿರುವುದಿಲ್ಲ, ಎಲ್ಲರ ಕಣ್ಣೂ ಕ್ಯಾಮೆರಾದ ಕಡೆಗಿರುತ್ತದೆ. ಕೆಳಗೆ, ಬಡಾವಣೆಯ ಒಳಚರಂಡಿ ದುರಸ್ತಿಗೆ ಆಗ್ರಹಿಸಿ ನಿವಾಸಿಗಳು ಮನವಿ ಸಲ್ಲಿಸಿದರು ಎಂಬ ಒಕ್ಕಣೆ, ನಾಲ್ಕೈದು ಹೆಸರು, ಕೊನೆಗೆ ‘ಮತ್ತಿತರರು ಇದ್ದರು’ ಎಂಬ ಮಾಮೂಲು ಸಾಲು. ಆ ಒಳಚರಂಡಿ ಮುಂದೇನಾಯಿತು ಎಂಬುದು ಮತ್ತೆ ಅದೇ ಪುಟದಲ್ಲಿ ಕಾಣಿಸುವುದು ಬಹಳ ಅಪರೂಪ.

ಸ್ಥಳೀಯ ಆಡಳಿತದಲ್ಲಿ ನಿವಾಸಿಗಳಿಗೆ ದನಿ ಇಲ್ಲ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಅಧಿಕಾರಿಗಳು ಕಿವಿಗೊಡುವುದಿಲ್ಲ, ಪತ್ರಿಕೆಗಳು ಬರೆಯುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತೇವೆ. ನನಗೆ ಕಾಣುವ ಮಟ್ಟಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಕಷ್ಟ ಅಲ್ಲಿಲ್ಲ. ಅಧಿಕಾರಿಗಳು ಮನವಿಯನ್ನು ನಗುಮುಖದಿಂದಲೇ ಸ್ವೀಕರಿಸುತ್ತಾರೆ, ಪತ್ರಿಕೆಗಳೂ ಅದನ್ನು ಧಾರಾಳವಾಗಿ ಅಚ್ಚು ಹಾಕುತ್ತವೆ. ಆದರೆ ನಿವಾಸಿಯ ದನಿಗೆ ಉಳಿದಿರುವ ರೂಪ ಮನವಿ ಒಂದೇ ಆಗಿದೆ. ಕೇಳಿಕೊಳ್ಳುವವನಾಗಿ ಅವನಿಗೆ ಜಾಗವಿದೆ, ತೀರ್ಮಾನ ಆಗುವ ಕಡೆ ಕುಳಿತುಕೊಳ್ಳುವವನಾಗಿ ಇಲ್ಲ. ಆಡಳಿತಕ್ಕೂ ಪತ್ರಿಕೆಗೂ ಈ ರೂಪ ಅನುಕೂಲಕರವಾಗಿದೆ, ಏಕೆಂದರೆ ಹಾಳೆ ಕೈ ಬದಲಾಯಿಸಿ ಚಿತ್ರ ತೆಗೆದಾದ ಮೇಲೆ ಅಂದಿನ ಮಟ್ಟಿಗೆ ಇಬ್ಬರ ಕೆಲಸವೂ ಮುಗಿಯುತ್ತದೆ.

ಕುಳಿತುಕೊಳ್ಳುವ ಜಾಗ ಕಾನೂನಿನಲ್ಲಿ ಇಲ್ಲದೆ ಇಲ್ಲ, ಬೇಕಾದಷ್ಟಿದೆ. ದಾವಣಗೆರೆ ಮಹಾನಗರ ಪಾಲಿಕೆಯಲ್ಲಿ 45 ವಾರ್ಡುಗಳಿವೆ. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 4.3 ಲಕ್ಷ ಮೀರಿತ್ತು. ಅಂದರೆ ಸುಮಾರು ಹತ್ತು ಸಾವಿರ ಜನರಿಗೆ ಒಬ್ಬ ಸದಸ್ಯ. ಬೀದಿದೀಪ ಕೆಟ್ಟರೆ ಮನೆ ಬಾಗಿಲಿಗೆ ಹೋಗಿ ‘ಏನ್ರೀ, ಲೈಟು ಹೋಗಿ ಹದಿನೈದು ದಿನ ಆಯ್ತು’ ಎಂದು ಜಗಳವಾಡಲು ಸಿಗುವ ಪ್ರತಿನಿಧಿ ಅವರೊಬ್ಬರೇ. ಪಾಲಿಕೆಯ ಚುನಾವಣೆ 2019ರ ನವೆಂಬರಿನಲ್ಲಿ ನಡೆದು, 2020ರ ಫೆಬ್ರವರಿಯಲ್ಲಿ ಮೇಯರ್ ಆಯ್ಕೆಯಾಯಿತು. ಸಂವಿಧಾನದ 243ಯು ವಿಧಿಯ ಪ್ರಕಾರ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಲೆಕ್ಕದಲ್ಲಿ 2025ರ ಫೆಬ್ರವರಿಗೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕೆಂದು ಅದೇ ವಿಧಿ ಹೇಳುತ್ತದೆ, ಆದರೆ ಮುಗಿದಿರಲಿಲ್ಲ. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿ ಬಂದರು. 45 ಬಾಗಿಲುಗಳಿದ್ದ ಕಡೆ ಒಂದೇ ಬಾಗಿಲು ಉಳಿದರೆ ಅಲ್ಲಿ ಮನವಿ ಹಿಡಿದವರ ಸಾಲು ಬೆಳೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆ ಇದಕ್ಕಿಂತ ಹಳೆಯದು. ಅವುಗಳಿಗೆ ಕೊನೆಯ ಬಾರಿ ಮತದಾನ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು, ಅದಕ್ಕಾಗಿಯೇ ಬೇರೆ ಆಯೋಗವೊಂದನ್ನು ಕಾನೂನು ತಿದ್ದಿ ರಚಿಸಲಾಯಿತು. ಅದರ ಬೆನ್ನಿಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಂತು. ಸ್ಥಳೀಯ ಸಂಸ್ಥೆಗಳಲ್ಲಿ ಈ ಮೀಸಲಾತಿಗೆ ಅಂಕಿಅಂಶ ಸಹಿತ ಅಧ್ಯಯನ ಬೇಕೆಂದು ಸುಪ್ರೀಂ ಕೋರ್ಟ್ 2010ರ ಕೃಷ್ಣಮೂರ್ತಿ ಪ್ರಕರಣದಲ್ಲಿ ಹೇಳಿತ್ತು. ರಾಜ್ಯ ಸರ್ಕಾರ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗವನ್ನು ನೇಮಿಸಿದ್ದು 2022ರಲ್ಲಿ. ಈ ಎರಡೂ ಕೆಲಸಗಳು ಅಗತ್ಯವಾದವೇ. ಆದರೆ ಮರುವಿಂಗಡಣೆ, ಮೀಸಲಾತಿ ಅಧ್ಯಯನ ಬಾಕಿ ಇದೆ ಎಂಬ ಕಾರಣಕ್ಕೆ ಚುನಾವಣೆ ಮುಂದೂಡುವಂತಿಲ್ಲ ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿತು, ಅದು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದೂ ಸ್ಪಷ್ಟಪಡಿಸಿತು. ಆಮೇಲೂ, ಅವಧಿ ಮುಗಿದು ನಾಲ್ಕು ವರ್ಷ ತುಂಬಿದರೂ, ಜಿಲ್ಲಾ ಪಂಚಾಯಿತಿಯ ಸಭಾಂಗಣಕ್ಕೆ ಸದಸ್ಯರು ಬರಲಿಲ್ಲ. ಪಕ್ಷ ಬದಲಾಗಿ ಸರ್ಕಾರ ಬದಲಾದರೂ ವಿಳಂಬ ಮಾತ್ರ ಬದಲಾಗಲಿಲ್ಲ. ತನ್ನ ಕ್ಷೇತ್ರದಲ್ಲಿ ರಸ್ತೆಗೆ ಗುದ್ದಲಿ ಪೂಜೆ ಮಾಡುವ ಇನ್ನೊಬ್ಬ ಚುನಾಯಿತ ವ್ಯಕ್ತಿ ಇಲ್ಲದಿರುವುದು ಯಾವ ಪಕ್ಷದ ಶಾಸಕರಿಗೂ ಕಹಿಯಾದ ಸಂಗತಿಯಲ್ಲ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ವಿವರಣೆ ನನಗೆ ಹೊಳೆಯುವುದಿಲ್ಲ.

ವಿಪರ್ಯಾಸವೆಂದರೆ ಇದೇ ರಾಜ್ಯ, ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೆ ಮೊದಲೇ, 1987ರಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟು ದೇಶಕ್ಕೆ ದಾರಿ ತೋರಿಸಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಹೆಸರನ್ನು ಇಂದಿಗೂ ಹಳ್ಳಿಗಳಲ್ಲಿ ಜನ ಬೋರ್‌ವೆಲ್ಲಿನ ಜೊತೆ ನೆನೆಯುತ್ತಾರೆ. ಪಂಚಾಯಿತಿಯ ಜೊತೆ ನೆನೆಯುವವರು ಕಡಿಮೆಯಾಗುತ್ತಿದ್ದಾರೆ.

ಚುನಾವಣೆ ನಡೆದರೂ ಕುರ್ಚಿ ಖಾಲಿ ಇರಬಹುದು ಎಂಬುದಕ್ಕೆ ಚಿತ್ರದುರ್ಗ ನಗರಸಭೆ ಉದಾಹರಣೆ. 35 ವಾರ್ಡುಗಳ ಈ ನಗರಸಭೆಗೆ 2018ರ ಆಗಸ್ಟಿನಲ್ಲಿ ರಾಜ್ಯದ ಇತರ ಹಲವು ನಗರಸಭೆ, ಪುರಸಭೆಗಳೊಂದಿಗೆ ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಎರಡು ವರ್ಷ ಅಧಿಕಾರವಿಲ್ಲದೆ ಕಾದರು. ಅಧ್ಯಕ್ಷ, ಉಪಾಧ್ಯಕ್ಷರ ಮೊದಲ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿ ಹೊರಬರಲು 2024ರ ಆಗಸ್ಟ್ ಆಗಬೇಕಾಯಿತು. ನಡುವಿನ ಕಾಲದಲ್ಲಿ ಸದಸ್ಯರಿದ್ದರು, ಸಭೆ ಕರೆಯಲು ಅಧ್ಯಕ್ಷರಿರಲಿಲ್ಲ. ವಾರ್ಡಿನ ಜನ ಸದಸ್ಯರ ಮನೆಗೆ ಹೋದರೆ, ಸದಸ್ಯರು ತಾವೇ ಒಂದು ಮನವಿ ಬರೆದುಕೊಂಡು ಅಧಿಕಾರಿಯ ಬಳಿ ಹೋಗಬೇಕಾದ ಸ್ಥಿತಿ. ಸುದ್ದಿಯ ‘ಮತ್ತಿತರರು’ ಎಂಬ ಪದದೊಳಗೆ ಚುನಾಯಿತ ಸದಸ್ಯರೂ ಸೇರಿಹೋದ ಕಾಲವದು.

ಇನ್ನು ಚುನಾವಣೆಯ ಆಚೆಗಿನ ದಾರಿಗಳು. ಮೂರು ಲಕ್ಷ ಜನಸಂಖ್ಯೆ ಮೀರಿದ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಕರ್ನಾಟಕದ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ ಸಮಿತಿಯಲ್ಲಿ ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿ ಇರುತ್ತಾರೆ. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಓದಲು ಚೆನ್ನಾಗಿರುವ ಈ ಕಾನೂನಿನಲ್ಲಿ ಎರಡು ತೂತುಗಳಿವೆ. ಹತ್ತು ಮಂದಿಯನ್ನು ನಾಮನಿರ್ದೇಶನ ಮಾಡುವುದು ಪಾಲಿಕೆಯೇ, ಜನರಲ್ಲ. ಅಧ್ಯಕ್ಷರಾಗುವುದು ವಾರ್ಡಿನ ಸದಸ್ಯರಾದ್ದರಿಂದ ಸದಸ್ಯರೇ ಇಲ್ಲದ ಕಾಲದಲ್ಲಿ ಸಮಿತಿಗೆ ತಲೆಯೂ ಇಲ್ಲ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿಗೆ ಹೋದ ಮೇಲೆಯೇ ವಾರ್ಡ್ ಸಮಿತಿಗಳು ರಚನೆಯಾದವು ಎಂಬುದನ್ನು ನೋಡಿದರೆ ಪಾಲಿಕೆಗಳಿಗೆ ಇದರಲ್ಲಿ ಎಷ್ಟು ಉತ್ಸಾಹವಿದೆ ಎಂಬುದು ಗೊತ್ತಾಗುತ್ತದೆ. ಚಿತ್ರದುರ್ಗದ ಜನಸಂಖ್ಯೆ 2011ರಲ್ಲಿ ಒಂದೂವರೆ ಲಕ್ಷದ ಒಳಗಿತ್ತು. ಹಾಗಾಗಿ ಸಂವಿಧಾನದ ಆ ಕಡ್ಡಾಯ ಅಲ್ಲಿಗೆ ತಲುಪುವುದೇ ಇಲ್ಲ. ಅರವತ್ತು ಕಿಲೋಮೀಟರ್ ಅಂತರದ ಎರಡು ಊರುಗಳ ನಿವಾಸಿಗಳಲ್ಲಿ ಒಬ್ಬರಿಗೆ ಕಾಗದದ ಮೇಲಾದರೂ ಇರುವ ಹಕ್ಕು ಇನ್ನೊಬ್ಬರಿಗೆ ಅಷ್ಟೂ ಇಲ್ಲ.

ನಗರದವರಿಗಿಂತ ಹಳ್ಳಿಯವರಿಗೆ ಕಾನೂನು ಹೆಚ್ಚು ಕೊಟ್ಟಿದೆ ಎಂಬುದನ್ನು ನಗರದವರು ನಂಬುವುದು ಕಷ್ಟ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಅದರ ಮೇಲೆ ಗ್ರಾಮ ಸಭೆ ನಡೆಯಬೇಕು. ಅಲ್ಲಿ ಬರುವುದು ನಾಮನಿರ್ದೇಶಿತರಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ವಸತಿ ಯೋಜನೆಯ ಮನೆ ಯಾರಿಗೆ, ಯಾವ ಕೇರಿಯ ಚರಂಡಿ ಮೊದಲು ಎಂಬುದು ಅಲ್ಲಿಂದಲೇ ಹೊರಡಬೇಕು.

ನಡೆಯುವುದು ಹೇಗೆಂದು ಜಗಳೂರಿನ ಕಡೆಯಾಗಲಿ ಹೊಳಲ್ಕೆರೆಯ ಕಡೆಯಾಗಲಿ ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಹಿಂದಿನ ಸಂಜೆ ಡಂಗುರ ಸಾರಿಸಿರುತ್ತಾರೆ, ಅಥವಾ ಸಾರಿಸಿದ್ದೇವೆಂದು ಬರೆದುಕೊಂಡಿರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಮುಂದೆ ಶಾಮಿಯಾನ, ಬಿತ್ತನೆಯ ದಿನಗಳಾದರೆ ಅರ್ಧ ಊರು ಹೊಲದಲ್ಲಿ. ನೋಡಲ್ ಅಧಿಕಾರಿ ಬರುವುದು ತಡವಾಗುತ್ತದೆ. ಸೇರಿದವರು ‘ಹೋದ ಸಭೆಯ ಕೆಲಸವೇ ಆಗಿಲ್ಲ, ಮೊದಲು ಅದರ ಉತ್ತರ ಕೊಡಿ’ ಎಂದು ಕೂಗುತ್ತಾರೆ. ಗದ್ದಲವಾಗಿ ಸಭೆ ಮುಂದಕ್ಕೆ ಹೋಗುತ್ತದೆ, ಇಲ್ಲವೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮುಗಿಯುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಗ್ರಾಮ ಸಭೆಯಲ್ಲಿ ಕೋಲಾಹಲ’ ಎಂಬ ಶೀರ್ಷಿಕೆ. ಕೋಲಾಹಲ ಯಾವ ಪ್ರಶ್ನೆಗಾಗಿ ಆಯಿತು, ಆ ಪ್ರಶ್ನೆ ಹಿಂದಿನ ನಡಾವಳಿಯಲ್ಲಿ ದಾಖಲಾಗಿತ್ತೇ, ಅದರ ಮೇಲೆ ಎಷ್ಟು ಹಣ ಖರ್ಚು ಬಿದ್ದಿದೆ ಎಂಬ ಮೂರು ಸಂಗತಿಗಳು ಆ ಸುದ್ದಿಯಲ್ಲಿ ಇರುವುದು ಕಡಿಮೆ. ಹೀಗೆ ಸಭೆಯಲ್ಲಿ ಮಾತಾಡಿದವನು ಓದುಗರ ಕಣ್ಣಿಗೆ ಗಲಾಟೆ ಮಾಡಿದವನಾಗಿ ಕಾಣುತ್ತಾನೆ. ಮೇಜಿನ ಮುಂದೆ ಮನವಿ ಹಿಡಿದವನಿಗೆ ಸಿಗುವ ಮರ್ಯಾದೆ ಅವನಿಗೆ ಸಿಗುವುದಿಲ್ಲ.

ತೀರ್ಮಾನಗಳು ಚುನಾಯಿತ ಸಭೆಯ ಕೈಯಿಂದಲೇ ಜಾರಿಹೋದ ಇನ್ನೊಂದು ದಾರಿಯೂ ದಾವಣಗೆರೆಗೆ ಗೊತ್ತು. 2016ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಕರ್ನಾಟಕದಿಂದ ಬೆಳಗಾವಿಯ ಜೊತೆ ದಾವಣಗೆರೆ ಇತ್ತು. ಯೋಜನೆಯ ನಿಯಮದಂತೆ ಕೆಲಸ ನಡೆಸಿದ್ದು ಪಾಲಿಕೆಯಲ್ಲ, ಕಂಪನಿ ಕಾಯ್ದೆಯಡಿ ನೋಂದಣಿಯಾದ ಪ್ರತ್ಯೇಕ ಸಂಸ್ಥೆ. ಕೇಂದ್ರ ಮತ್ತು ರಾಜ್ಯದ ಪಾಲು ಸೇರಿ ಒಂದು ನಗರಕ್ಕೆ ಸಾವಿರ ಕೋಟಿ ರೂಪಾಯಿಯವರೆಗೆ ಹಣ ಬರುವ ಲೆಕ್ಕವಿದ್ದ ಯೋಜನೆಯ ತೀರ್ಮಾನಗಳು ನಿರ್ದೇಶಕರ ಮಂಡಳಿಯಲ್ಲಿ ಆದವು. ರಸ್ತೆ ಅಗೆದು ತಿಂಗಳಾದರೂ ಮುಚ್ಚಲಿಲ್ಲವೆಂದು ಜನ ವಾರ್ಡಿನ ಸದಸ್ಯರನ್ನು ಕೇಳಿದರೆ ‘ಅದು ನಮ್ಮದಲ್ಲ, ಸ್ಮಾರ್ಟ್ ಸಿಟಿಯವರದು’ ಎಂಬ ಉತ್ತರ ಸುಳ್ಳೇನೂ ಆಗಿರಲಿಲ್ಲ. 2025ರ ಮಾರ್ಚಿಗೆ ಯೋಜನೆ ಮುಗಿಯಿತು. ಮಾಡಿದ ರಸ್ತೆ, ನೆಟ್ಟ ಕಂಬ, ಹಾಕಿದ ಕೊಳವೆಗಳ ನಿರ್ವಹಣೆ ಇನ್ನು ಪಾಲಿಕೆಯ ತೆರಿಗೆಯಿಂದಲೇ ಆಗಬೇಕು. ತೆರಿಗೆ ಕಟ್ಟುವವರು ಅದನ್ನು ಬೇಕೆಂದು ತೀರ್ಮಾನಿಸಿದವರಲ್ಲ.

ಈಗ ಪತ್ರಿಕೆಗಳ ಕಡೆಗೆ ಬರೋಣ. ದಾವಣಗೆರೆಗೆ ತನ್ನದೇ ದಿನಪತ್ರಿಕೆಗಳ ಗಟ್ಟಿ ಪರಂಪರೆಯಿದೆ. ‘ಜನತಾವಾಣಿ’ಯನ್ನು ಓದದೆ ಬೆಳಗಿನ ಕಾಫಿ ಇಳಿಯದವರು ಈ ಊರಿನಲ್ಲಿ ಈಗಲೂ ಇದ್ದಾರೆ. ರಾಜ್ಯ ಮಟ್ಟದ ಪತ್ರಿಕೆಗಳು ಜಿಲ್ಲೆಗೊಂದು ಪುಟ ಶುರುಮಾಡಿದ ಮೇಲೆ ನಮ್ಮ ಊರಿನ ಸುದ್ದಿ ಅಚ್ಚಾಗುವ ಪ್ರಮಾಣ ಹಿಂದಿಗಿಂತ ಬಹಳ ಹೆಚ್ಚಿದೆ ಎಂಬುದೂ ನಿಜ. ಆದರೆ ಇದರೊಳಗೊಂದು ಗಂಟಿದೆ. ದಾವಣಗೆರೆಯ ಪುಟದಲ್ಲಿ ಬಂದ ಸುದ್ದಿಯನ್ನು ಓದುವವರು ದಾವಣಗೆರೆಯವರು ಮಾತ್ರ. ಅದೇ ದಿನ ಅದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಆ ಜಾಗದಲ್ಲಿ ಬೇರೇನೋ ಇರುತ್ತದೆ. ಚುನಾವಣೆ ಯಾವಾಗ, ಮೀಸಲಾತಿ ಪಟ್ಟಿ ಎಂದಿಗೆ, ಅನುದಾನ ಎಷ್ಟು ಎಂದು ತೀರ್ಮಾನಿಸುವವರು ಕೂತಿರುವುದು ವಿಧಾನಸೌಧದಲ್ಲಿ. ಅಲ್ಲಿಗೆ ಕಾಣದ ಪುಟದಲ್ಲಿ ನಾವು ದಿನವೂ ನಮ್ಮನಮ್ಮಲ್ಲೇ ಆಗ್ರಹಿಸಿಕೊಳ್ಳುತ್ತಿದ್ದೇವೆ. ಜಿಲ್ಲಾ ಪುಟ ನಮಗೆ ಕನ್ನಡಿಯಾಗಿ ಒದಗಿತು, ಕಿಟಕಿಯಾಗಲಿಲ್ಲ.

ಆ ಪುಟ ತುಂಬುವವರ ಸ್ಥಿತಿಯನ್ನೂ ನೋಡಬೇಕು. ತಾಲ್ಲೂಕು ಕೇಂದ್ರಗಳ ಎಷ್ಟೋ ವರದಿಗಾರರು ಸಂಬಳದವರಲ್ಲ. ಸುದ್ದಿಯ ಲೆಕ್ಕದಲ್ಲೋ ಜಾಹೀರಾತಿನ ಕಮಿಷನ್ನಿನಲ್ಲೋ ದುಡಿಯುವವರು. ಕೆಲವು ಕಡೆ ಪತ್ರಿಕೆ ಹಂಚುವ ಏಜೆಂಟರೂ ಅವರೇ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೊಡಬೇಕಾದ ಮುಖಂಡರ ಬಗ್ಗೆಯೇ ಪ್ರಶ್ನೆ ಕೇಳುವ ಸುದ್ದಿಯನ್ನೂ ಬರೆಯಬೇಕೆಂದರೆ ಅದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಹಣ ಕೊಟ್ಟು ಬರೆಸುವ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಸಿದ್ಧಪಡಿಸಿತ್ತು. ತಾಲ್ಲೂಕಿನ ತೊಂದರೆ ಅಷ್ಟು ದೊಡ್ಡ ವ್ಯವಹಾರವೂ ಅಲ್ಲ, ಬರಿಯ ಹೊಟ್ಟೆಪಾಡು. ಇಂಥ ವರದಿಗಾರರಿಗೆ ಮನವಿಯ ಸುದ್ದಿ ಅತ್ಯಂತ ಸುಲಭದ್ದು, ಯಾರಿಗೂ ನೋವಾಗದ್ದು. ಚಿತ್ರವೂ ಬರಹವೂ ಸಿದ್ಧವಾಗಿ ಮೊಬೈಲಿಗೇ ಬಂದಿರುತ್ತದೆ. ಪಾಲಿಕೆಯ ಟೆಂಡರ್ ದಾಖಲೆ ಓದಿ ಬರೆಯಲು ಎರಡು ದಿನ ಬೇಕು, ಅದಕ್ಕೆ ಸಿಗುವ ಹಣ ಮಾತ್ರ ಚಿತ್ರದ ಅಡಿಬರಹಕ್ಕೆ ಸಿಗುವಷ್ಟೇ.

ಸುದ್ದಿಗೋಷ್ಠಿಯೂ ಎಲ್ಲರಿಗೂ ಎಟಕುವುದಲ್ಲ. ಬಾಡಿಗೆ ಕಟ್ಟಿ, ಮೇಜಿನ ಹಿಂದೆ ನಾಲ್ಕು ಜನ ಕೂತು, ಅಚ್ಚುಕಟ್ಟಾದ ಹೇಳಿಕೆ ಹಂಚಲು ಸಂಘಟನೆಯ ಬೆಂಬಲ ಬೇಕು. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಅದನ್ನು ಮಾಡಬಲ್ಲವು. ಹೊಸ ಬಡಾವಣೆಯ ನಿವೃತ್ತ ನೌಕರರಿಗೆ ಪತ್ರ ಬರೆಯಲೂ ಬರುತ್ತದೆ, ಸಮಯವೂ ಇರುತ್ತದೆ. ಹಟ್ಟಿಗಳಿಗೆ, ಕೊಳೆಗೇರಿಗಳಿಗೆ ಇವೆರಡೂ ಇಲ್ಲ. 2023ರ ಆಗಸ್ಟಿನ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ ಹಲವರು ಸತ್ತಾಗ ಆ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದಕ್ಕೆ ಮೊದಲು ರಾಜ್ಯದ ಎಷ್ಟು ಓದುಗರಿಗೆ ಆ ಹೆಸರು ಗೊತ್ತಿತ್ತು? ಜಿಲ್ಲಾ ಪುಟದಿಂದ ಮುಖಪುಟಕ್ಕೆ ಏರಲು ದಲಿತ ಕೇರಿಯೊಂದು ತೆರಬೇಕಾಗಿ ಬಂದ ಬೆಲೆ ಅದು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ಕ್ಯಾಮೆರಾಗಳು ಹಿಂತಿರುಗಿದವು. ನೀರಿನ ತೊಟ್ಟಿಯನ್ನು ತೊಳೆಯುವ ದಿನಾಂಕವನ್ನು ಕೇರಿಯವರ ಕಣ್ಣೆದುರು ಬರೆದು ಹಾಕುವುದು, ಪರೀಕ್ಷೆಯ ವರದಿಯನ್ನು ತೊಟ್ಟಿಯ ಪಕ್ಕದಲ್ಲೇ ಅಂಟಿಸುವುದು ಮುಂತಾದ ಸಣ್ಣ ಕೆಲಸಗಳು ಸುದ್ದಿಯಾಗುವುದಿಲ್ಲ. ದನಿ ಎಂಬುದು ನನ್ನ ಪ್ರಕಾರ ಇಂಥ ಸಣ್ಣ ಕೆಲಸಗಳಲ್ಲೇ ಇರುವುದು.

ಯೂಟ್ಯೂಬ್ ಚಾನೆಲ್ಲುಗಳೂ ವಾಟ್ಸ್‌ಆ್ಯಪ್ ಗುಂಪುಗಳೂ ಈ ಜಾಗವನ್ನು ತುಂಬಿವೆ ಎನ್ನುವವರಿದ್ದಾರೆ. ಗುಂಡಿ ಬಿದ್ದ ರಸ್ತೆಯ ವಿಡಿಯೊ ಸಂಜೆಯೊಳಗೆ ಆಯುಕ್ತರ ಮೊಬೈಲಿಗೆ ತಲುಪುವುದು ಕಡಿಮೆ ಸಾಧನೆಯೇನಲ್ಲ. ಆದರೆ ಅದೂ ಮನವಿಯದೇ ಇನ್ನೊಂದು ರೂಪ. ತಪ್ಪು ಸುದ್ದಿ ಬಂದರೆ ಹೋಗುವ ದಾರಿಯೂ ಅಲ್ಲಿ ಮಸುಕು. ದಿನಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆದು, ಪ್ರಕಟವಾದ ಎರಡು ತಿಂಗಳೊಳಗೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಛೀಮಾರಿ ಹಾಕಬಲ್ಲದೇ ಹೊರತು ದಂಡ ಹಾಕಲಾರದು, ಮತ್ತು ಅದರ ವ್ಯಾಪ್ತಿ ಅಚ್ಚಿನ ಪತ್ರಿಕೆಗೆ ಸೀಮಿತ. ಬಡಾವಣೆಯ ಜಗಳವೊಂದನ್ನು ತಿರುಚಿ ಹಾಕಿದ ವಿಡಿಯೊದ ಬಗ್ಗೆ ಮಂಡಳಿ ಏನನ್ನೂ ಹೇಳಲಾರದು.

ಹಾಗಾದರೆ ಮನವಿಯನ್ನು ಬಿಡಬೇಕೇ? ಬಿಡಬೇಕಿಲ್ಲ, ಅದನ್ನು ಚಿತ್ರದಾಚೆಗೆ ಎಳೆಯಬೇಕು. ಹಾಳೆಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳುವುದು ಹಳೆಯ ಕಾಲದ ಗುಮಾಸ್ತರಿಗೆ ಗೊತ್ತಿದ್ದ ವಿದ್ಯೆ. ಆ ಸಂಖ್ಯೆ ಇದ್ದರೆ ತಿಂಗಳಾದ ಮೇಲೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ಕಡತದ ಟಿಪ್ಪಣಿ ಹಾಳೆ ಕೇಳಬಹುದು, 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಕಷ್ಟವನ್ನೆಲ್ಲ ತೋಡಿಕೊಳ್ಳುವ ನಮ್ಮ ಮನವಿಯ ಶೈಲಿಗೆ ಇದು ಒಳ್ಳೆಯ ಕಡಿವಾಣವೂ ಹೌದು. ಅರ್ಜಿ ಹಾಕದೆಯೂ ಸಿಗಬೇಕಾದ ಸಂಗತಿಯೊಂದಿದೆ. ಕಾಯ್ದೆಯ 4(1)(ಬಿ) ಪ್ರಕರಣದಡಿ ಪ್ರತಿ ಕಚೇರಿಯೂ ತನ್ನ ಸಭೆ, ಸಮಿತಿಗಳು ಯಾವುವು, ಅವು ಸಾರ್ವಜನಿಕರಿಗೆ ತೆರೆದಿವೆಯೇ, ಅವುಗಳ ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ತಾನಾಗಿಯೇ ಪ್ರಕಟಿಸಬೇಕು.

ಪತ್ರಿಕೆಗಳು ಮಾಡಬಹುದಾದದ್ದೂ ಅಷ್ಟೇ ಸರಳ. ಮನವಿಯ ಚಿತ್ರ ಹಾಕುವಾಗ ಆವಕ ಸಂಖ್ಯೆಯನ್ನೂ ಹಾಕಿ, ಅರವತ್ತು ದಿನ ಬಿಟ್ಟು ಅದೇ ಜಾಗದಲ್ಲಿ ಎರಡು ಸಾಲಿನಲ್ಲಿ ಏನಾಯಿತೆಂದು ಬರೆದರೆ ಅದಕ್ಕೆ ಹೊಸ ವರದಿಗಾರರೂ ಬೇಡ, ಹೆಚ್ಚಿನ ಪುಟವೂ ಬೇಡ. ಜಯದೇವ ವೃತ್ತದಲ್ಲಿ ಧರಣಿ ಕೂತವರ ಸಂಖ್ಯೆಗಿಂತ ಅದು ಕಚೇರಿಗೆ ಹೆಚ್ಚು ಮುಜುಗರ ತರುತ್ತದೆ. ಹಾಗೆ ಮಾಡಿದರೆ ಜಾಹೀರಾತು ನಿಲ್ಲುತ್ತದೆಂಬ ಭಯ ಸುಳ್ಳಲ್ಲ. ಆದರೆ ‘ಏನೂ ಆಗಿಲ್ಲ’ ಎಂಬ ಎರಡು ಪದಗಳನ್ನು ಯಾರ ಹೆಸರೂ ಎತ್ತದೆ ಅಚ್ಚು ಹಾಕಬಹುದು.

ಇದೆಲ್ಲ ನಡೆಯುವ ಹೊತ್ತಿಗೆ ಕೊನೆಯ ಮೆಟ್ಟಿಲೂ ಅಲುಗಾಡುವ ಕಾಲ ಬಂದಿದೆ. 2020ರ ಡಿಸೆಂಬರಿನಲ್ಲಿ ಮತದಾನವಾದ ಗ್ರಾಮ ಪಂಚಾಯಿತಿಗಳ ಐದು ವರ್ಷದ ಲೆಕ್ಕ 2026ರ ಆರಂಭಕ್ಕೆ ಮುಗಿಯುವಂಥದು. ವಾರ್ಡ್ ಸಭೆಗೆ ಅಧ್ಯಕ್ಷತೆ ವಹಿಸಬೇಕಾದವರು ಆ ವಾರ್ಡಿನ ಸದಸ್ಯರು, ಗ್ರಾಮ ಸಭೆಗೆ ಪಂಚಾಯಿತಿಯ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಗೂ ಪಾಲಿಕೆಗೂ ಆದದ್ದೇ ಇಲ್ಲಿಯೂ ಆದರೆ ಸಭೆ ನಿಲ್ಲುವುದೇನಿಲ್ಲ, ಡಂಗುರವೂ ಶಾಮಿಯಾನವೂ ಇರುತ್ತವೆ. ನಡಾವಳಿ ಪುಸ್ತಕದ ಕೊನೆಯಲ್ಲಿ ಅಧ್ಯಕ್ಷರು ಎಂದು ಅಚ್ಚಾದ ಜಾಗದ ಮೇಲೆ ಆಡಳಿತಾಧಿಕಾರಿಯ ಸಹಿ ಬೀಳುತ್ತದೆ, ಊರಿನವರ ಸಹಿಗಳು ಹಿಂದಿನ ಹಾಗೆಯೇ ಹಾಜರಿ ಪುಸ್ತಕದಲ್ಲಿ ಉಳಿಯುತ್ತವೆ.